ಹೋಳಿಯ ದಿನ ಒಂದು ಬಿಳಿ ದುಪಟ್ಟಾ

ಬಸಣ್ಣನ ಫಜೀತಿಯೆಲ್ಲ ಶುರುವಾದದ್ದು "ಆಯ್ತು ಭಾಯ್" ಎಂಬ ಒಂದೇ ಮಾತಿನಿಂದ.

ಶಿವಾಜಿನಗರದ ಲತೀಫ್ ಭಾಯ್ ಟೈಲರಿಂಗ್ ಅಂಗಡಿಯಲ್ಲಿ ಅವನದು ಇಸ್ತ್ರಿ ಹಾಕುವ, ಗುಂಡಿ ಹೊಲಿಯುವ ಕೆಲಸ. ರಂಜಾನ್ ತಿಂಗಳಾದ್ದರಿಂದ ಅಂಗಡಿ ತೆರೆಯುವುದು ಮಧ್ಯಾಹ್ನಕ್ಕೆ. ಮುಚ್ಚುವುದು ಯಾವಾಗೆಂದು ಲತೀಫ್ ಭಾಯ್‌ಗೂ ಗೊತ್ತಿರುತ್ತಿರಲಿಲ್ಲ. ಆ ಸಂಜೆ ಬಸಣ್ಣ ಮನೆಗೆ ಬೇಗ ಹೊರಟಾಗ ಅವರು ಒಂದು ಪೊಟ್ಟಣ ಬಿಚ್ಚಿ ತೋರಿಸಿದರು. ಒಳಗೆ ಆಗಷ್ಟೇ ಕರೆದ ಹಾಲಿನಂಥ ಬಿಳಿ ದುಪಟ್ಟಾ. ಮೇಲೆಲ್ಲ ಬಿಳಿ ರೇಷ್ಮೆ ನೂಲಿನ ಕಸೂತಿ.

"ನೋಡು ಬಸಣ್ಣ, ಮದುಮಗಳ ದುಪಟ್ಟಾ ಇದು. ಕಸೂತಿಗೇ ತಿಂಗಳುಗಟ್ಟಲೆ ಹಿಡಿದಿದೆ. ನಾಳೆ ಮಧ್ಯಾಹ್ನದೊಳಗೆ ರಿಚರ್ಡ್ಸ್ ಟೌನ್‌ನಲ್ಲಿ ಫಹ್ಮಿದಾ ಆಪಾ ಮನೆಗೆ ಮುಟ್ಟಿಸ್ಬೇಕು. ಯಾವಾಗ್ಲೂ ಹೋಗೋ ಹುಡುಗ ರಜಾ ಹಾಕವ್ನೆ. ಒಂದು ಚುಕ್ಕೆ ಬಿತ್ತು ಅಂದ್ರೆ ಪೂರಾ ಮಾಲ್ ಖರಾಬ್, ತಿಳೀತಾ?"

ಬಸಣ್ಣ ತಲೆಯಾಡಿಸಿದ.

"ಇದೊಂದು ಕೆಲಸ ನೀಟಾಗಿ ಮಾಡು, ನಾಳೆಯಿಂದ್ಲೇ ನಿನ್ನ ಕಟಿಂಗ್ ಟೇಬಲ್‌ಗೆ ಹಾಕ್ತೀನಿ. ಕತ್ರಿ ಹಿಡಿಯೋದು ನಾನೇ ಕಲಿಸ್ತೀನಿ."

ಕತ್ತರಿ ಎಂಬ ಮಾತು ಕಿವಿಗೆ ಬಿದ್ದದ್ದೇ ಬಸಣ್ಣನಿಗೆ ಮುಂದಿನದೇನೂ ಕೇಳಿಸಲಿಲ್ಲ. ಶಹಾಪುರದ ಕಡೆಯಿಂದ ಬೆಂಗಳೂರಿಗೆ ಬಂದಾಗಿನಿಂದ ಅವನಿಗಿದ್ದದ್ದು ಅದೊಂದೇ ಆಸೆ. ಈಚೆಗೆ ಯಾರದೋ ಕುರ್ತಾದ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಮರೆತು, ಅಲ್ಲೊಂದು ಕಂದು ಬಣ್ಣದ ಶ್ರೀಲಂಕಾ ಮೂಡಿಸಿದ ಮೇಲೆ ಆ ಆಸೆಯೂ ಬತ್ತಿಹೋಗಿತ್ತು. ಈಗ ತಾನಾಗಿ ಕಾಲ ಬಳಿಗೇ ಬಂದಿದೆ!

"ಆಯ್ತು ಭಾಯ್" ಎಂದುಬಿಟ್ಟ.

ಜೋಗುಪಾಳ್ಯದ ತನ್ನ ಓಣಿಯ ಬಾಯಿಗೆ ಬಂದಾಗ ತಮಟೆಯಂಥ ಹಲಗೆಯ ಸದ್ದು ಕೇಳಿಸಿತು. ಕತ್ತರಿಯ ಗುಂಗಿನಲ್ಲಿ ಬಸಣ್ಣ ಮರೆತೇಬಿಟ್ಟಿದ್ದ. ಇವತ್ತು ಕಾಮದಹನ, ನಾಳೆ ಹೋಳಿಯ ಬಣ್ಣ!

ಬೆಂಗಳೂರಿನ ಬೇರೆ ಕಡೆ ಹೋಳಿ ಹೇಗೋ ಏನೋ, ಆ ವಠಾರದಲ್ಲಿ ಮಾತ್ರ ಅದು ಯುದ್ಧ. ಅಲ್ಲಿ ಬಾಡಿಗೆಗಿದ್ದವರೆಲ್ಲ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರು. ವರ್ಷವಿಡೀ ಗಾರೆ, ಸಿಮೆಂಟು, ಸೆಕ್ಯೂರಿಟಿ ಎಂದು ಮೈ ಮುರಿದವರು ಆ ಒಂದು ದಿನ ಮನುಷ್ಯರಾಗುತ್ತಿದ್ದರು. ಅಂದರೆ ಗುರುತೇ ಸಿಗದಂತಾಗುತ್ತಿದ್ದರು. ಕಾಮಣ್ಣನನ್ನು ಸುಡುವ ಕಟ್ಟಿಗೆಯನ್ನು ಕದ್ದೇ ತರಬೇಕೆಂಬುದು ಊರ ಪದ್ಧತಿ. ಕ್ಯಾಮೆರಾ ಇಲ್ಲದ ಗೋಡೆಯೇ ಇಲ್ಲದ ಈ ಊರಲ್ಲಿ ಕದಿಯುವುದೆಲ್ಲಿಂದ ಬಂತು? ಮೂಲೆಯ ದಿನಸಿ ಅಂಗಡಿಯವನಿಗೆ ಮೊದಲೇ ಹೇಳಿ, ಅವನು ಆ ಕಡೆ ಮುಖ ತಿರುಗಿಸಿಕೊಂಡು ನಿಂತಾಗ ಹಣ್ಣಿನ ಪೆಟ್ಟಿಗೆಗಳನ್ನು 'ಕದ್ದು' ತಂದಿದ್ದರು. ಬಸಣ್ಣ ಬಾರಿಸದೆ ಹಲಗೆಗೆ ಕಳೆಯಿಲ್ಲ, ಹಲಗೆಯಿಲ್ಲದೆ ಕಾಮಣ್ಣ ಸುಡುವುದಿಲ್ಲ. ಪೊಟ್ಟಣವನ್ನು ಗೂಡಿನಲ್ಲಿಟ್ಟು, 'ನಸುಕಿಗೇ ಎದ್ದು ಯಾರೂ ಏಳೋ ಮೊದಲು ಹೋಗಿಬಿಡ್ತೀನಿ' ಎಂದು ಸಮಾಧಾನ ಮಾಡಿಕೊಂಡು ಹಲಗೆ ಹೆಗಲಿಗೇರಿಸಿದ. ಎಲ್ಲರೊಡನೆ ಲಬೋ ಲಬೋ ಎಂದು ಬಾಯಿ ಬಡಿದುಕೊಂಡ, ಕೆಂಡದಲ್ಲಿ ಸುಟ್ಟ ಕಡಲೆ ತಿಂದ, ಮಲಗಿದ.

ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು. ಬಾಗಿಲು ಡಬಡಬ ಎನ್ನುತ್ತಿತ್ತು.

"ಏ ಬಸಣ್ಣ! ಬಾಗಿಲ ತಗೀಲೇ! ಹೋದ ವರ್ಷ ನನ್ನ ಮಾರಿಗಿ ಬೆಳ್ಳಿ ಪೇಂಟ್ ಬಳದಿದ್ದಿ, ನೆನಪದನೋ ಇಲ್ಲೋ? ವಾರಗಟ್ಟಲೆ ಕಂಪೌಂಡಿನ ಗೇಟ್ ಆಗಿ ತಿರುಗೀನಿ ನಾ!"

ಅದು ಭೀಮೇಶ್. ಪಕ್ಕದ ಕೋಣೆಯವನು, ಪೇಂಟಿಂಗ್ ಕೆಲಸದವನು, ಬಸಣ್ಣನ ಜೀವದ ಗೆಳೆಯ. ಬಾಗಿಲ ಸಂದಿಯಲ್ಲಿ ನೋಡಿದರೆ ಅವನ ಹಿಂದೆ ಹತ್ತಾರು ಜನ. ಹಸಿರು, ಕೆಂಪು, ನೀಲಿ ಮುಖಗಳ ನಡುವೆ ಹಲ್ಲುಗಳಷ್ಟೇ ಬೆಳ್ಳಗೆ ಹೊಳೆಯುತ್ತಿದ್ದವು. ಭೀಮೇಶನ ಕೈಯಲ್ಲಿ ನೇರಳೆ ನೀರಿನ ಬಾಟಲಿ.

"ಜ್ವರ ಬಂದಾವೋ" ಎಂದು ಬಸಣ್ಣ ನರಳಿದ.

"ಬಣ್ಣ ಬಿದ್ರ ಇಳೀತಾವ! ಬಾ ಹೊರಗ!"

ಆಗ ವಠಾರಕ್ಕೆಲ್ಲ ಹಿರಿಯಳಾದ ಜಟ್ಟೆಮ್ಮ ಜನರನ್ನು ದೂಡಿಕೊಂಡು, ಕಷಾಯದ ಲೋಟ ಹಿಡಿದು ಬಂದಳು. ಬಸಣ್ಣ ತುಸುವೇ ಬಾಗಿಲು ತೆರೆದದ್ದೇ ಒಳಗೆ ತೂರಿ ಮತ್ತೆ ಅಗಳಿ ಹಾಕಿದಳು. ಬಸಣ್ಣನ ಹಣೆ ಮುಟ್ಟಿ ನೋಡಿದಳು. ಹಣೆ ಗಡಿಗೆಯ ತಳದಂತೆ ತಣ್ಣಗಿತ್ತು.

"ಯಾಕೋ ಸುಳ್ಳ ಹೇಳ್ತಿ? ಹೋಳಿ ದಿನ ಬಣ್ಣ ಒಲ್ಲೆ ಅಂದಾವ ಮನಷ್ಯಾ ಏನೋ?"

ಬಸಣ್ಣ ಪೊಟ್ಟಣ ತೋರಿಸಿದ. ಕತ್ತರಿಯ ಕತೆ ಹೇಳಿದ.

ಜಟ್ಟೆಮ್ಮ ಚಾಪೆಯ ಮೇಲೆ ಕೂತಳು. "ಕಾಮಣ್ಣ ಹ್ಯಾಂಗ ಸತ್ತ ಗೊತ್ತದ ಏನು? ಮಂದಿ ಕೆಲಸಕ್ಕ ಹೋಗಿ ಸತ್ತ. ಕಣ್ಣು ಮುಚ್ಚಿ ಕುಂತ ಶಿವಪ್ಪನ್ನ ಎಬ್ಬಸು ಅಂತ ದೇವರೆಲ್ಲಾ ಕೂಡಿ ಅವನ್ನ ಮುಂದಕ ನೂಕಿದ್ರು. ಹೂವಿನ ಬಾಣ ಬಿಟ್ಟ. ಶಿವಪ್ಪ ಹಣಿಗಣ್ಣು ತೆರದ, ಇವ ಬೂದಿ ಆದ. ರತಿ ಬಾಯಿ ಬಡಕೊಂಡು ಅತ್ತಳು. ಆಕಿ ಅಳಾದು ನೋಡಿ ಶಿವಪ್ಪಗ ಕರಳು ಚುರ್ ಅಂತು. ಮೈ ಇಲ್ದೇ ಬದುಕು ಹೋಗು, ಎಲ್ಲಾರ ಮನಸಿನ್ಯಾಗ ಇರು ಅಂದ. ಅದಕ್ಕ ನಿನ್ನಿ ಅಳಾದು, ಇವತ್ತು ಆಡಾದು. ಇವತ್ತು ಸಿಟ್ಟಿಲ್ಲ, ಮೇಲು ಕೀಳಿಲ್ಲ, ಎಲ್ಲಾರ ಮಾರಿ ಒಂದೇ ಬಣ್ಣ."

"ನನ್ನೂ ಮಂದಿ ಕೆಲಸಕ್ಕೇ ನೂಕ್ಯಾರ ಯವ್ವಾ. ಇದರ ಮ್ಯಾಲ ಒಂದು ಹನಿ ಬಿದ್ರ ಲತೀಫ್ ಭಾಯ್ ಹಣಿಗಣ್ಣು ತೆರೀತಾರ."

ಜಟ್ಟೆಮ್ಮ ಸ್ವಲ್ಪ ಯೋಚಿಸಿದಳು. ಆಮೇಲೆ ಅವಳ ಮುಖದಲ್ಲಿ ಒಂದು ನಗೆ ಮೂಡಿತು. "ಬಣ್ಣದಾಗ ಯಾರನ್ನೂ ಬಿಡಂಗಿಲ್ಲ. ಒಬ್ಬರನ್ನ ಮಾತ್ರ ಬಿಡ್ತಾರ."

"ಯಾರನ್ನ?"

"ಬಸರಿ ಹೆಂಗಸನ್ನ."

ತನ್ನ ಕೋಣೆಗೆ ಹೋಗಿ ಹಳೆಯದೊಂದು ಇಳಕಲ್ ಸೀರೆಯನ್ನು ಸೆರಗಿನಲ್ಲಿ ಮುಚ್ಚಿ ತಂದಳು. ಬಸಣ್ಣ ಬೇಡವೆಂದ, ಕೈ ಮುಗಿದ, ತನಗೆ ಮೀಸೆಯಿದೆ ಎಂಬುದನ್ನು ನೆನಪಿಸಿದ. ಜಟ್ಟೆಮ್ಮ ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪೊಟ್ಟಣವನ್ನು ಅವನ ಹೊಟ್ಟೆಗೆ ಪಂಚೆಯಿಂದ ಬಿಗಿದು, ಪ್ಯಾಂಟು ಬನಿಯನ್ ಮೇಲೆಯೇ ಸೀರೆ ಸುತ್ತಿ, ಮೂಗಿನವರೆಗೆ ಸೆರಗು ಎಳೆದಳು. ದೂರ ನಿಂತು ನೋಡಿ, "ಎಂಟು ತುಂಬಿ ಒಂಬತ್ತರಾಗ ಬಿದ್ದದ" ಎಂದು ತೀರ್ಪು ಕೊಟ್ಟಳು. ಆಮೇಲೆ ಹೊರಗೆ ಹೋಗಿ ಕೂಗಿದಳು: "ಏ, ಬಸಣ್ಣ ಹಿಂದಿನ ಕಿಟಕಿ ಹಾರಿ ಮಾಳಿಗಿ ಹತ್ಯಾನ ನೋಡ್ರೋ!"

ಇಡೀ ದಂಡು ಮೆಟ್ಟಿಲ ಕಡೆಗೆ ನುಗ್ಗಿತು. ಬಸಣ್ಣ ಸೊಂಟದ ಮೇಲೆ ಕೈಯಿಟ್ಟು, ತುಂಬಿದ ಕೊಡ ಹೊತ್ತವನಂತೆ ಅತ್ತಿತ್ತ ಓಲಾಡುತ್ತ ಹೊರಬಿದ್ದ.

ಓಣಿಯಲ್ಲಿ ಇನ್ನೊಂದು ಗುಂಪು ಬಕೆಟ್ ಎತ್ತಿ ನಿಂತಿತ್ತು. ಮಾಳಿಗೆಯ ಮೇಲಿನಿಂದ ಒಂದು ಗಂಟಲು ಗುಡುಗಿತು.

"ಏ ಬಣ್ಣ ಹಾಕಬ್ಯಾಡ್ರಿ! ಬಸರಿ ಹೆಣ್ಣಮಗಳು ಹೊಂಟಾಳ, ಕಣ್ಣು ಕಾಣಂಗಿಲ್ಲೇನು? ಹಾದಿ ಬಿಡ್ರಿ!"

ಕೂಗಿದವನು ಭೀಮೇಶ್! ಬಕೆಟ್‌ಗಳು ಕೆಳಗಿಳಿದವು. ಒಬ್ಬ ಹಾದಿಯಲ್ಲಿದ್ದ ಕಲ್ಲನ್ನು ಪಕ್ಕಕ್ಕೆ ತಳ್ಳಿದ, ಇನ್ನೊಬ್ಬ ನಾಯಿ ಓಡಿಸಿದ. ಸೆರಗಿನೊಳಗೆ ಬಸಣ್ಣನ ಮೀಸೆ ಹೆಮ್ಮೆಯಿಂದ ನಿಗುರಿತು. ರಾಜನ ಮೆರವಣಿಗೆಗೂ ಇಂಥ ಮರ್ಯಾದೆ ಸಿಗಲಿಕ್ಕಿಲ್ಲ.

ಸಿಕ್ಕ ಮರ್ಯಾದೆ ಹೆಚ್ಚೇ ಆಯಿತು. ಮುಖ್ಯರಸ್ತೆಗೆ ಬಂದು ಆಟೋ ಹತ್ತುವಾಗ ಸೀರೆ ಕಾಲಿಗೆ ತೊಡರಿ "ಅಯ್ಯಯ್ಯೋ" ಎಂದುಬಿಟ್ಟ. ಬಸಣ್ಣನನ್ನು ಮಾಳಿಗೆಯಲ್ಲಿ ಕಾಣದೆ ಓಣಿಯಲ್ಲೆಲ್ಲ ಹುಡುಕುತ್ತ ಬಂದಿದ್ದ ಭೀಮೇಶ್ ಅಲ್ಲೇ ಇದ್ದ.

"ಬ್ಯಾನಿ ಚಾಲೂ ಆಗ್ಯಾವ!" ಎಂದವನೇ ಡ್ರೈವರ್ ಪಕ್ಕ ಜಿಗಿದು ಕೂತ. "ಅಣ್ಣಾ, ನಡೀ ಆಸ್ಪತ್ರಿಗಿ! ಅಕ್ಕನ ಜೊತಿ ಯಾರೂ ಇಲ್ಲ, ನಾ ಬರ್ತೀನಿ."

ಆಟೋದ ಮುತ್ತಣ್ಣ ಹಲಸೂರಿನವನು. ಮಾಸಿದ ಕನ್ನಡಿಯಲ್ಲಿ ಹಿಂದೆ ನೋಡಿ ಗಾಡಿ ಎಬ್ಬಿಸಿದ. "ಭಯ ಪಡಬೇಡ ಮ್ಮಾ. ಎಷ್ಟೋ ಡೆಲಿವರಿ ಕೇಸ್ ನೋಡಿದೀನಿ. ನನ್ನ ಆಟೋದಲ್ಲಿ ಒಂದೂ ಆಗಿಲ್ಲ, ಇವತ್ತೂ ಆಗೋಕೆ ಬಿಡಲ್ಲ. ಅಯ್ಯೋ ಮುರುಗಾ, ಕಾಪಾಡಪ್ಪಾ!"

'ನಾನು ಹೆಣ್ಣಲ್ಲ, ರಿಚರ್ಡ್ಸ್ ಟೌನಿಗೆ ಬಿಡಿ' ಎಂದರೆ ಮುಂದೆ ಕೂತವನ ಕೈಯ ನೇರಳೆ ಬಾಟಲಿ ತಲೆಗೆ ಬೀಳುತ್ತದೆ. ಸುಮ್ಮನಿದ್ದರೆ ಹೆರಿಗೆ ವಾರ್ಡಿಗೆ ಸೇರಬೇಕಾಗುತ್ತದೆ. ಬಸಣ್ಣ ಎರಡೂ ಬಿಟ್ಟು ನರಳಿದ. ಅವನು ನರಳಿದಷ್ಟೂ ಮುತ್ತಣ್ಣ ವೇಗ ಹೆಚ್ಚಿಸಿದ.

ಹತ್ತಿರದ ಆಸ್ಪತ್ರೆಯ ರಸ್ತೆಯಲ್ಲಿ ಬಣ್ಣದ ಜಾತ್ರೆಯೇ ನೆರೆದಿತ್ತು. "ಫ್ರೇಜರ್ ಟೌನ್ ಕಡೆ ಒಂದಿದೆ ಗುರು, ಅಲ್ಲಿಗೇ ಹೊಡೀತೀನಿ" ಎಂದು ಮುತ್ತಣ್ಣ ಹ್ಯಾಂಡಲ್ ತಿರುಗಿಸಿದ. ಬಸಣ್ಣನ ಮನಸ್ಸಿನಲ್ಲಿ ಗಂಟೆ ಬಾರಿಸಿದಂತಾಯಿತು. ಫ್ರೇಜರ್ ಟೌನ್ ದಾಟಿದರೆ ರಿಚರ್ಡ್ಸ್ ಟೌನೇ! ಹಲಸೂರು ಕೆರೆಯ ಪಕ್ಕ ಪಿಚಕಾರಿ ಹಿಡಿದವರು ಆಟೋಕ್ಕೆ ಅಡ್ಡ ಬಂದರು. ಭೀಮೇಶ್ ಅರ್ಧ ಮೈ ಹೊರಗೆ ಹಾಕಿ, "ಹೆರಿಗಿ ಕೇಸ್! ಹೆರಿಗಿ ಕೇಸ್!" ಎಂದು ಆಂಬುಲೆನ್ಸಿನಂತೆ ಅರಚಿದ. ಗುಂಪು ಎರಡಾಗಿ ಸೀಳಿತು. "ಸೂಪರ್ ಅಕ್ಕಾ, ಗಂಡು ಮಗು!" ಎಂದು ಯಾರೋ ಹರಸಿದರು. ಭೀಮೇಶ್ ತನ್ನ ಬಣ್ಣದ ಕೈ ಹಿಂದಿನ ಸೀಟಿಗೆ ತಾಕದಂತೆ ಎದೆಗೆ ಅವುಚಿಕೊಂಡು ಕೂತಿದ್ದ. ಗೆಳೆಯನ ಈ ಒಳ್ಳೆಯತನ ನೋಡಿ, ಹೋದ ವರ್ಷ ಬೆಳ್ಳಿ ಪೇಂಟ್ ಬಳಿದದ್ದಕ್ಕೆ ಬಸಣ್ಣನಿಗೆ ಮೊದಲ ಬಾರಿ ಪಶ್ಚಾತ್ತಾಪವಾಯಿತು.

ಆಸ್ಪತ್ರೆಯ ಗೇಟಿನಲ್ಲಿ ಆಟೋ ನಿಂತಿತು. "ಗಾಲಿ ಕುರ್ಚಿ ತರ್ತೀನಿ, ಅಕ್ಕಾ ಅಲ್ಲೇ ಕುಂದ್ರಿ" ಎಂದು ಭೀಮೇಶ್ ಒಳಗೆ ಓಡಿದ. ಮುತ್ತಣ್ಣ ನರ್ಸನ್ನು ಕೂಗುತ್ತ ಅವನ ಹಿಂದೆ ಹೋದ.

ಬಸಣ್ಣ ಆಟೋದಿಂದ ಕೆಳಗೆ ಹಾರಿದ. ಸೀರೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿ, ಹೊಟ್ಟೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಪೊಲೀಸರನ್ನು ಕಂಡ ಜೂಜುಕೋರನಂತೆ ಓಟ ಕಿತ್ತ.

ಗಾಲಿ ಕುರ್ಚಿಯೊಡನೆ ಹೊರಬಂದ ನರ್ಸು, ತುಂಬು ಗರ್ಭಿಣಿ ಫುಟ್‌ಪಾತಿನ ಕಬ್ಬಿಣದ ಬೇಲಿ ಜಿಗಿದದ್ದನ್ನು ಕಂಡು, ಕುರ್ಚಿಯಲ್ಲಿ ತಾನೇ ಕೂತುಬಿಟ್ಟಳು. ಅತ್ತ ತಿರುಗಿ ನೋಡಿದ ಬಸಣ್ಣನ ಸೆರಗು ಜಾರಿತು. ಮೀಸೆ ಬಯಲಾಯಿತು.

"ಏ! ಅಂವ ನಮ್ಮ ಬಸಣ್ಣ!" ಭೀಮೇಶನ ಕೂಗು ಬೀದಿಯ ತುದಿಗೂ ಮುಟ್ಟಿತು. "ಅಣ್ಣಾ, ಆಟೋ ತಗೀ! ಬೆನ್ನ ಹತ್ತು!"

"ನನ್ನ ಆಟೋದಲ್ಲಿ ಇಂಥ ಕೇಸ್ ಇದೇ ಫಸ್ಟು" ಎಂದ ಮುತ್ತಣ್ಣ, ಅವಮಾನ ತಡೆಯಲಾರದೆ ತಾನೂ ಸೇರಿಕೊಂಡ.

ಕೋಲ್ಸ್ ಪಾರ್ಕಿನ ಪಕ್ಕ ಆಟೋ ಬಸಣ್ಣನನ್ನು ಹಿಡಿಯಿತು. ಭೀಮೇಶ್ ಹೊರಗೆ ಬಾಗಿ ಬಾಟಲಿ ಬೀಸಿದ. ನೇರಳೆ ನೀರು ಚಿಲ್ಲನೆ ಬಂದು ಬಸಣ್ಣನ ಹೊಟ್ಟೆಗೇ ಬಡಿಯಿತು. ತಣ್ಣನೆಯ ನೀರು ಸೀರೆಯನ್ನು ದಾಟಿ ಒಳಕ್ಕೆ ಇಳಿದದ್ದು ಗೊತ್ತಾಯಿತು. ಆದರೂ ಅವನು ನಿಲ್ಲಲಿಲ್ಲ. ಏಕಮುಖ ಸಂಚಾರದ ಅಡ್ಡರಸ್ತೆಯೊಂದಕ್ಕೆ ನುಗ್ಗಿದ. ಅಲ್ಲಿ ಟ್ರಾಫಿಕ್ ಪೊಲೀಸರಿದ್ದರು. ಮುತ್ತಣ್ಣ ಗಕ್ಕನೆ ಬ್ರೇಕ್ ಹಾಕಿದ. ಹಿಂದಿನಿಂದ ಭೀಮೇಶನ ಬೈಗುಳ ಕ್ಷೀಣವಾಗುತ್ತ ಹೋಯಿತು.

ರಿಚರ್ಡ್ಸ್ ಟೌನಿನ ಹಳೆಯ ಹೆಂಚಿನ ಮನೆ. ಬಾಗಿಲು ತೆರೆದ ಫಹ್ಮಿದಾ ಆಪಾ ಅರವತ್ತರ ಹೆಂಗಸು. ಮೀಸೆಯ ಬಸುರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾ ಅಲ್ಲಾ" ಎಂದರು.

"ಲತೀಫ್ ಭಾಯ್ ಕಳಿಸ್ಯಾರ್ರಿ" ಎಂದು ಏದುತ್ತ, ಬಸಣ್ಣ ಅಲ್ಲೇ ವರಾಂಡದಲ್ಲಿ ಹೊಟ್ಟೆ ಬಿಚ್ಚತೊಡಗಿದ. ಸೀರೆ ಬಿಚ್ಚಿದ: ನೇರಳೆ. ಪಂಚೆ ಬಿಚ್ಚಿದ: ಅದೂ ನೇರಳೆ. ಕಣ್ಣು ಮುಚ್ಚಿಕೊಂಡೇ ಪ್ಲಾಸ್ಟಿಕ್ ಬಿಡಿಸಿ ಅವರ ಮುಂದೆ ಹಿಡಿದ.

"ಮಾಷಾಲ್ಲಾ!" ಎಂದರು ಆಪಾ.

ಬಸಣ್ಣ ಒಂದು ಕಣ್ಣು ತೆರೆದ. ದುಪಟ್ಟಾ ಬೆಳಗಿನ ಮಲ್ಲಿಗೆಯಂತೆ ಬೆಳ್ಳಗಿತ್ತು. ಹುಡುಕಿದರೂ ಒಂದು ಚುಕ್ಕೆಯಿಲ್ಲ. ಅವನ ಸ್ವಂತ ಮೈಮೇಲೂ ಹೊಟ್ಟೆಯ ಹತ್ತಿರ ಬನಿಯನ್ ತುಸು ನೇರಳೆಯಾದದ್ದು ಬಿಟ್ಟರೆ ಬಣ್ಣವಿಲ್ಲ.

ಗೆದ್ದೆ! ಇಡೀ ಜೋಗುಪಾಳ್ಯ, ಇಡೀ ಹಲಸೂರು ಅಟ್ಟಿಸಿಕೊಂಡು ಬಂದರೂ ಗೆದ್ದೆ! ಆಪಾ ಕೊಟ್ಟ ತಣ್ಣೀರನ್ನು ಅವರು ರೋಜಾ ಉಪವಾಸದಲ್ಲಿದ್ದಾರೆಂದು ಆಚೆ ತಿರುಗಿ ನಿಂತು ಕುಡಿದು, ಬಸಣ್ಣ ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದ. ಆಪಾ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

"ನಿನ್ನಂಥವನು ಲಾಖಲ್ಲಿ ಒಬ್ಬ ಬೇಟಾ. ಲತೀಫ್‌ಗೆ ನಾನೇ ಹೇಳ್ತೀನಿ. ಒಂದು ಚುಕ್ಕೆ ಇದ್ದಿದ್ರೂ ನಾನು ಮುಟ್ತಾ ಇರ್ಲಿಲ್ಲ. ಬಾ ಹಿತ್ತಲಿಗೆ."

ಮದುಮಗಳಿಗೆ ತೋರಿಸಲು ಕರೆಯುತ್ತಿದ್ದಾರೆ ಎಂದುಕೊಂಡು ಬಸಣ್ಣ ಎದೆಯುಬ್ಬಿಸಿ ಹಿಂದೆ ನಡೆದ. ಹಿತ್ತಲಲ್ಲಿ ಮದುಮಗಳಿರಲಿಲ್ಲ. ಕಲ್ಲಿನ ಮೇಲೆ ಒಂದು ದೊಡ್ಡ ಅಲ್ಯೂಮಿನಿಯಂ ಪಾತ್ರೆಯಿತ್ತು. ಅದರ ತುಂಬ ಗಿಳಿ ಹಸಿರು ನೀರು, ಮೇಲೆ ಬೆಚ್ಚಗೆ ಆವಿ. ಆಪಾ ಬೆರಳದ್ದಿ ಬಿಸಿ ನೋಡಿದರು. "ಬಿಸ್ಮಿಲ್ಲಾ" ಎಂದರು. ದುಪಟ್ಟಾವನ್ನು ಅದರೊಳಗೆ ಬಿಟ್ಟರು.

"ಅಯ್ಯಯ್ಯೋ! ಹೋಯ್ತಲ್ಲರೀ!" ಎಂದು ಬಾಯಿ ಬಡಿದುಕೊಂಡವನೇ ಬಸಣ್ಣ ಪಾತ್ರೆಗೆ ಹಾರಿದ. ಎರಡೂ ಕೈಯನ್ನು ಮೊಣಕೈ ದಾಟುವವರೆಗೆ ಮುಳುಗಿಸಿ ದುಪಟ್ಟಾವನ್ನು ಬಾಚಿ ಎತ್ತಿದ. ಆಪಾ ಅತ್ತಲಿಂದ ಎಳೆದರು, ಬಸಣ್ಣ ಇತ್ತಲಿಂದ ಎಳೆದ.

"ಬಿಡೋ ದೀವಾನೆ! ಬಿಟ್ರೆ ಸರಿ, ಇಲ್ದಿದ್ರೆ ಪಟ್ಟೆ ಪಟ್ಟೆ ಆಗುತ್ತೆ!"

"ಬಿಳೀ ದುಪಟ್ಟಾ ರೀ ಅಮ್ಮಾರ! ಮದುಮಗಳದು!"

"ಮದುಮಗಳದೇ! ಮೆಹಂದಿ ದಿನಕ್ಕೆ ಹಸಿರು ಬೇಕು ಅಂತ ಬಣ್ಣ ಹಾಕೋಕೆ ಕಳಿಸಿದ್ದಾರೆ! ನಾನು ರಂಗ್ರೇಜ್ ಕಣೋ! ನಮ್ಮಜ್ಜಿ ಕಾಲದಿಂದ ನಮ್ಮ ಮನೇಲಿ ಮಾಡೋದು ಇದೇ ಕೆಲಸ!"

ಬಸಣ್ಣ ದುಪಟ್ಟಾ ಬಿಟ್ಟ. ಅದು ಬುಳಕ್ಕೆಂದು ಒಳಗೆ ಹೋಯಿತು. ಬಣ್ಣ ಹಾಕಿಸಲು ಕಳಿಸಿದ ಬಟ್ಟೆಗೆ ಬಣ್ಣ ಬೀಳದಂತೆ ಇಡೀ ಬೆಳಿಗ್ಗೆ ಓಡಿದವನು, ಹಸಿರು ತೊಟ್ಟಿಕ್ಕುವ ತನ್ನ ಕೈಗಳನ್ನು ನೋಡುತ್ತ ನಿಂತ.

ಆಪಾಗೆ ಕರುಣೆ ಬಂತು. "ನೀನು ಮಾಡಿದ್ದು ಸರಿಯೇ ಬೇಟಾ. ಕಲೆ ಬಿದ್ದ ಬಟ್ಟೆಗೆ ಬಣ್ಣ ಸಮ ಹಿಡಿಯಲ್ಲ. ನಿನ್ನಿಂದ ಇದು ಉಳೀತು." ಜಟ್ಟೆಮ್ಮನ ಸೀರೆಯನ್ನೂ ಕೈಗೆತ್ತಿಕೊಂಡು, ನೇರಳೆ ಕಲೆ ಕಾಣದ ಹಾಗೆ ಕಡುನೀಲಿ ಮಾಡಿ ಕಳಿಸುವುದಾಗಿ ಹೇಳಿದರು. ಬಸಣ್ಣ ನಲ್ಲಿಯ ಕೆಳಗೆ ಸೋಪು ಹಾಕಿ ಕೈ ತಿಕ್ಕಿದ. ಚರ್ಮ ಉರಿಯಿತು, ಬಣ್ಣ ಹೋಗಲಿಲ್ಲ.

"ಎಷ್ಟೇ ತಿಕ್ಕು, ಹೋಗಲ್ಲ" ಎಂದರು ಆಪಾ, ಸ್ವಲ್ಪ ಹೆಮ್ಮೆಯಿಂದಲೇ. "ನನ್ನ ಬಣ್ಣ ಅದು."

ಆಪಾ ಕೊಟ್ಟ ಮಗನ ಹಳೆಯ ಅಂಗಿ ತೊಟ್ಟು ಬಸಣ್ಣ ಅಂಗಡಿಗೆ ಬಂದ. ಸುದ್ದಿ ಅವನಿಗಿಂತ ಮೊದಲೇ ಫೋನಿನಲ್ಲಿ ಬಂದು ಮುಟ್ಟಿತ್ತು. ಲತೀಫ್ ಭಾಯ್ ಎದ್ದು ಬಂದು ತಬ್ಬಿಕೊಂಡರು. ಈದ್ ಬಟ್ಟೆಗೆ ಬಂದಿದ್ದ ಗಿರಾಕಿಗಳ ಮುಂದೆಯೇ, "ನೋಡಿ, ಇವನೇ ಆ ಶೇರ್, ಹುಲಿ!" ಎಂದರು. ಎಲ್ಲರೂ ಬಸಣ್ಣನತ್ತ ತಿರುಗಿದರು. ಲತೀಫ್ ಭಾಯ್ ಕಟಿಂಗ್ ಟೇಬಲ್ಲಿನ ದೊಡ್ಡ ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದರು. "ನೀನು ಮಾತು ಉಳಿಸ್ದೆ. ತಗೋ, ನಾನೂ ಉಳಿಸ್ತೀನಿ."

ಬಸಣ್ಣ ಬೆನ್ನ ಹಿಂದಿದ್ದ ಕೈಗಳನ್ನು ಮುಂದೆ ತಂದ.

ಲತೀಫ್ ಭಾಯ್ ಕತ್ತರಿಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. ಟೇಬಲ್ಲಿನ ಮೇಲೆ ಈದ್ ಕುರ್ತಾಗಳ ಬಟ್ಟೆ ಬೆಟ್ಟದಂತೆ ಬಿದ್ದಿತ್ತು. ಎಲ್ಲ ಬಿಳಿ. "ತೊಳ್ಕೊಂಡು ಬಾ ಹೋಗು."

"ತೊಳದೀನ್ರಿ."

"ಬೆವರಿದ್ರೆ ಬಿಡುತ್ತಾ?"

ಬಸಣ್ಣ ಅಂಗೈಯನ್ನು ಅಂಗಿಗೆ ಒರೆಸಿ ತೋರಿಸಿದ. ಅಂಗಿಯ ಮೇಲೆ ತೆಳ್ಳಗೆ ಒಂದು ಹಸಿರು ಗೆರೆ. ಬಸಣ್ಣನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಗಿರಾಕಿಗಳ ನಡುವಿನಿಂದ ತೂಬಾ ಎಂಬ ಕಾಲೇಜು ಹುಡುಗಿ ಮುಂದೆ ಬಂದು, ಬಸಣ್ಣನ ಮೊಣಕೈಯನ್ನೇ ದಿಟ್ಟಿಸಿ ತಾಯಿಯ ತೋಳು ಜಗ್ಗಿದಳು. "ಅಮ್ಮೀ, ಮೇರೇಕು ಯಹೀಚ್ ರಂಗ್ ಹೋನಾ! ಇದೇ ಬಣ್ಣ ಬೇಕು! ಎಷ್ಟು ಅಂಗಡೀಲಿ ಹುಡುಕಿದ್ವಿ, ಈ ಶೇಡ್ ಸಿಕ್ಕಿರಲಿಲ್ಲ!"

ತಾಯಿ ಬಾಗಿ ನೋಡಿದರು. ಪಕ್ಕದ ಹೆಂಗಸು ಕನ್ನಡಕ ಹಾಕಿಕೊಂಡು ನೋಡಿದರು. ಇನ್ನೊಬ್ಬರು ತಮ್ಮ ಚೀಲದಿಂದ ಒಂದು ಜರಿಯಂಚು ತೆಗೆದು ಬಸಣ್ಣನ ಮುಂಗೈಗೆ ಹಿಡಿದು ನೋಡಿ, "ಏನ್ ಒಪ್ಪುತ್ತೆ ನೋಡಿ" ಎಂದರು. ನೋಡನೋಡುತ್ತ ಎಲ್ಲರಿಗೂ ಗಿಳಿ ಹಸಿರು ದುಪಟ್ಟಾವೇ ಬೇಕಾಯಿತು. ಲತೀಫ್ ಭಾಯ್ ಮುಖ ಈದ್ ಚಂದ್ರನಂತಾಯಿತು. ಕತ್ತರಿ ಮತ್ತೆ ಟೇಬಲ್ಲಿಗೆ ಹೋಯಿತು. ಒಳಗಿನಿಂದ ಒಂದು ಸ್ಟೂಲು ಹೊರಗೆ ಬಂತು.

"ಬಾ ರಾಜಾ, ಇಲ್ಲಿ ಬಾಗಿಲ ಹತ್ರ ಕೂತ್ಕೋ. ಕತ್ರಿ ಎಲ್ಲೂ ಓಡಿಹೋಗಲ್ಲ. ಈದ್ ತನಕ ನೀನೇ ನಮ್ಮ ಸ್ಯಾಂಪಲ್. ಒಂದು ಮಾತು, ಕೈಗೆ ಸೋಪು ಮಾತ್ರ ಹಚ್ಚಬೇಡ!"

ಸಂಜೆಯ ಹೊತ್ತಿಗೆ ಬೀದಿಯ ಜನವೆಲ್ಲ ಆ ಅಂಗಡಿಯ ಮುಂದೆ ನೆರೆದಿತ್ತು. ಪಕ್ಕದ ಬಟ್ಟೆ ಅಂಗಡಿಯ ಅಹ್ಮದ್ ಪಾಷಾ ಹೊಟ್ಟೆಕಿಚ್ಚಿನಿಂದ ಇಣುಕಿ ಇಣುಕಿ ನೋಡುತ್ತಿದ್ದರು. ಸ್ಟೂಲಿನ ಮೇಲೆ ಬಸಣ್ಣ ಎರಡೂ ಕೈ ಚಾಚಿಕೊಂಡು, ಪಟ್ಟಕ್ಕೇರಿದ ದೊರೆಯಂತೆ ಕೂತಿದ್ದ. ಇಸ್ತ್ರಿಯಿಲ್ಲ, ಗುಂಡಿಯಿಲ್ಲ, ಕತ್ತರಿಯಂತೂ ಇಲ್ಲವೇ ಇಲ್ಲ.

"ಅಣ್ಣಾ, ಮೊಣಕೈ ಸ್ವಲ್ಪ ಬೆಳಕಿಗೆ ತಿರುಗಿಸ್ತೀರಾ? ಅಸಲಿ ಬಣ್ಣ ಕಾಣ್ತಿಲ್ಲ" ಎಂದಳು ಗುಂಪಿನಿಂದ ಒಬ್ಬಳು.

ಬಸಣ್ಣ ಗಂಭೀರವಾಗಿ ತಿರುಗಿಸಿದ.